ಇಂಗ್ಲೆಂಡಿನಲ್ಲಿ ನಾನು ಹೇಳಿದ ಮಳೆ

ಇಂಗ್ಲೆಂಡಿಗೆ ಹೋಗಿಬಂದು ವರ್ಷವಾಗುತ್ತ ಬಂತು. ಪಾರ್ಕಿನಲ್ಲಿ ಸಿಕ್ಕವರು ಈಗಲೂ ‘ಹೇಗಿತ್ತು ಸಾರ್ ಟ್ರಿಪ್ಪು?’ ಎಂದು ಕೇಳುತ್ತಾರೆ. ‘ಚೆನ್ನಾಗಿತ್ತು, ಚಳಿ ಸ್ವಲ್ಪ ಜಾಸ್ತಿ’ ಎನ್ನುತ್ತೇನೆ. ಅವರಿಗೆ ಅಷ್ಟೇ ಸಾಕು. ಅಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಮಾತ್ರ ಯಾರಿಗೂ ಹೇಳಿಲ್ಲ. ಹೇಳಲೇಬೇಕಾಗಿದ್ದ ಒಬ್ಬರಿಗಂತೂ ಮುಖ ನೋಡಿಕೊಂಡೇ ಸುಳ್ಳು ಹೇಳಿದ್ದೇನೆ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ನಾವು ಐದು ದಿನ ಟೆಸ್ಟ್ ಪಂದ್ಯ ನೋಡಿದ ಊರಿನ ಹೆಸರು ಬೇಡ. ಅದು ಇಂಗ್ಲೆಂಡಿನ ಉತ್ತರಕ್ಕಿದೆ, ಅಲ್ಲಿ ಮಳೆಗೆ ಬರವಿಲ್ಲ, ಇಷ್ಟು ಸಾಕು. ನಡೆದುಹೋದದ್ದರಲ್ಲಿ ಆ ಊರಿನ ತಪ್ಪೇನೂ ಇಲ್ಲ.

ಬಸವೇಶ್ವರನಗರ, ಹೊರಡುವ ಮುಂಚೆ

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು. ಮಾರುತಗಳ ಪಾಠವನ್ನು ನನ್ನ ವಿದ್ಯಾರ್ಥಿಗಳು ಪರೀಕ್ಷೆಯ ಮಾರನೆಯ ದಿನವೇ ಮರೆತರು. ಆದರೆ ನಮ್ಮ ರಸ್ತೆಯ ಹೆಂಗಸರು ನನ್ನನ್ನು ಇನ್ನೂ ಕೆಲಸದಿಂದ ಬಿಟ್ಟಿಲ್ಲ. ಬೇಸಿಗೆ ಶುರುವಾಯಿತೆಂದರೆ ಬೆಳಿಗ್ಗೆ ಎಂಟಕ್ಕೆ ಎದುರುಮನೆಯ ಸರೋಜಮ್ಮ ತಾರಸಿಯಿಂದ ಕೂಗುತ್ತಾರೆ: ‘ಮೇಷ್ಟ್ರೇ, ಸಂಡಿಗೆ ಹಾಕ್ಲಾ?’

ನಾನು ಕಾಫಿ ಲೋಟ ಹಿಡಿದು ಹೊರಗೆ ಬರುತ್ತೇನೆ. ಹೆಗ್ಗನಹಳ್ಳಿಯ ದಿಕ್ಕಿಗೆ ನೋಡುತ್ತೇನೆ. ಅಲ್ಲಿ ಬೆಳಿಗ್ಗೆಯೇ ಬಿಳಿ ಮೋಡ ತಲೆಯೆತ್ತಿ, ಗಾಳಿ ನಿಂತು, ಕುತ್ತಿಗೆಯಲ್ಲಿ ಬೆವರು ಅಂಟಿಕೊಂಡರೆ ಸಂಜೆ ಮಳೆ. ‘ಇವತ್ತು ಬೇಡ ತಾಯಿ’ ಎಂದರೆ ರಸ್ತೆಯ ತಾರಸಿಗಳೆಲ್ಲ ಖಾಲಿ. ‘ಹಾಕಿ’ ಎಂದರೆ ಅರ್ಧ ಗಂಟೆಯಲ್ಲಿ ಸಾಲುಸಾಲು ತಾರಸಿಗಳ ಮೇಲೆ ಹಳೆಯ ಪಂಚೆ ಹಾಸಿ, ಸಂಡಿಗೆ ಇಟ್ಟು, ಕಾಗೆ ಓಡಿಸಲು ಒಂದು ಕಪ್ಪು ಕೊಡೆ ಬಿಚ್ಚಿಟ್ಟಿರುತ್ತಾರೆ. ಹವಾಮಾನ ಹೇಳುವ ಫೋನು ಅವರೆಲ್ಲರ ಕೈಯಲ್ಲೂ ಇದೆ. ಆದರೂ ಸರೋಜಮ್ಮ, ‘ಫೋನು ಇಡೀ ಬೆಂಗಳೂರಿಗೆ ಹೇಳುತ್ತೆ, ಮೇಷ್ಟ್ರು ನಮ್ಮ ರಸ್ತೆಗೆ ಹೇಳ್ತಾರೆ’ ಎಂದು ಎಲ್ಲರ ಮುಂದೆ ಹೇಳುತ್ತಾರೆ. ಈ ಮಾತು ಕೇಳಿದ ದಿನ ನಾನು ಎರಡು ಇಡ್ಲಿ ಜಾಸ್ತಿ ತಿನ್ನುತ್ತೇನೆ. ನನ್ನ ಜಂಬ ಎಂಥದೆಂದು ಮೊದಲೇ ತಿಳಿದಿರಲಿ ಎಂದು ಇದನ್ನೆಲ್ಲ ಹೇಳಿದೆ.

ಗಂಗಣ್ಣ ನನ್ನ ಇಪ್ಪತ್ತು ವರ್ಷದ ಸ್ನೇಹಿತ, ನನಗಿಂತ ಐದು ವರ್ಷ ಚಿಕ್ಕವನು. ಹೆಗ್ಗನಹಳ್ಳಿಯ ಹಳೆಯ ಒಕ್ಕಲು ಮನೆತನ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ಮನುಷ್ಯ ಚಿನ್ನ. ಆದರೆ ಕ್ರಿಕೆಟ್ ಬೆಟ್ಟಿಂಗಿನ ಚಟ ಅವನನ್ನು ಒಮ್ಮೆ ನುಂಗಿ ನೀರು ಕುಡಿದಿತ್ತು. ಮಗಳ ಹೆಸರಿಗೆಂದು ನಂದಿನಿ ಲೇಔಟಿನಲ್ಲಿ ಇಟ್ಟಿದ್ದ ಸೈಟು ಅದರಲ್ಲೇ ಹೋಯಿತು. ಆ ದಿನ ಅವನ ಹೆಂಡತಿ ಜಯಮ್ಮ ಅಳಲಿಲ್ಲ, ಬೈಯಲಿಲ್ಲ. ಅವನ ಸ್ಮಾರ್ಟ್ ಫೋನನ್ನು ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿ, ಒಂದು ಬಟನ್ ಫೋನ್ ಕೊಟ್ಟರು. ಆರು ವರ್ಷ ಗಂಗಣ್ಣ ಆ ಬಟನ್ ಫೋನಿನಲ್ಲೇ ಬದುಕಿದ. ಪಾರ್ಕಿನಲ್ಲಿ ಯಾರಾದರೂ ಸ್ಕೋರ್ ಹೇಳಿದರೆ ಎದ್ದು ಇನ್ನೊಂದು ಸುತ್ತು ಹೊರಡುತ್ತಿದ್ದ.

ಇಂಗ್ಲೆಂಡಿನಲ್ಲಿ ಕೂತು ಒಂದು ಟೆಸ್ಟ್ ನೋಡಬೇಕೆನ್ನುವುದು ಅವನ ಹಳೆಯ ಆಸೆ. ಜಯಮ್ಮ ಒಪ್ಪಿದ್ದು ನಾನು ಜೊತೆಗೆ ಹೋಗುತ್ತೇನೆಂದ ಮೇಲೆ. ಹೊರಡುವ ಹಿಂದಿನ ದಿನ ಮನೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದರು:

‘ಅಲ್ಲಿ ಅದು ಕಾನೂನಾಗೇ ಐತಂತೆ, ಅಂಗಡಿ ಇಟ್ಕೊಂಡಿರ್ತಾರಂತೆ. ನೀವು ಇದೀರಾ ಅಂತ ಕಳಿಸ್ತಾ ಇದೀನಿ ಮೇಷ್ಟ್ರೇ.’

‘ನೀವು ನಿಶ್ಚಿಂತೆಯಿಂದಿರಿ’ ಎಂದೆ. ಮೇಷ್ಟ್ರುಗಳಿಗೆ ಇಂಥ ಮಾತು ಬಾಯಿಗೆ ಬಹಳ ಸಲೀಸಾಗಿ ಬರುತ್ತದೆ.

ಮೊದಲ ದಿನ

ನಾವು ಇಳಿದುಕೊಂಡದ್ದು ಡೊರೊತಿ ಎಂಬ ಮುದುಕಿಯ ಮನೆಯಲ್ಲಿ. ಮೇಲಿನ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುತ್ತಾರೆ, ಬೆಳಗಿನ ತಿಂಡಿಯನ್ನೂ ಹಾಕುತ್ತಾರೆ. ಸಸ್ಯಾಹಾರಿ ಎಂದಿದ್ದಕ್ಕೆ ನನ್ನ ತಟ್ಟೆಗೆ ಒಂದು ಬೇಯಿಸಿದ ಟೊಮೇಟೊ ಇಟ್ಟು ಬಹಳ ಕನಿಕರದಿಂದ ನೋಡಿದರು. ಅಲ್ಲಿಯ ಜನ ಮಾತು ಶುರು ಮಾಡುವುದೇ ಹವಾಮಾನದಿಂದ. ನಮ್ಮಲ್ಲಿ ‘ಊಟ ಆಯ್ತಾ?’ ಎನ್ನುವ ಹಾಗೆ. ನಿಜವಾದ ಉತ್ತರ ಯಾರಿಗೂ ಬೇಕಿರುವುದಿಲ್ಲ. ನಾನು ಕೊಟ್ಟೆ. ಕಿಟಕಿಯಿಂದ ಹೊರಗೆ ನೋಡಿದರೆ ಆಕಾಶ ಕಪ್ಪಗೆ ಕವಿದಿತ್ತು. ‘ಹನ್ನೊಂದಕ್ಕೆ ಜೋರು ಮಳೆ’ ಎಂದು ಡೊರೊತಿಗೆ ಹೇಳಿ, ಗಂಗಣ್ಣನಿಗೂ ಕೊಡೆ, ರೇನ್‌ಕೋಟು, ಪ್ಲಾಸ್ಟಿಕ್ ಚೀಲ ಎಲ್ಲ ಹೊರಿಸಿಕೊಂಡು ಮೈದಾನಕ್ಕೆ ಹೋದೆ.

ಸಂಜೆಯವರೆಗೆ ಒಂದು ಹನಿ ಬೀಳಲಿಲ್ಲ. ಬೆಂಗಳೂರಿನಲ್ಲಿ ಅಂಥ ಮೋಡ ಬಂದಿದ್ದರೆ ಅಂಡರ್‌ಪಾಸುಗಳೆಲ್ಲ ಕೆರೆಯಾಗುತ್ತಿದ್ದವು. ಇಲ್ಲಿ ಅದು ಸುಮ್ಮನೆ ತಲೆಯ ಮೇಲೆ ಕೂತಿತ್ತು.

ಮಾರನೆಯ ದಿನ ಫಳಫಳ ಬಿಸಿಲು. ಕೊಡೆ ಬೇಡವೆಂದೆ. ಊಟದ ವಿರಾಮದ ಹೊತ್ತಿಗೆ ಇಬ್ಬರೂ ಒಳಬನಿಯನ್ನಿನವರೆಗೆ ನೆಂದಿದ್ದೆವು. ಗಂಗಣ್ಣ ಟೋಪಿ ಹಿಂಡುತ್ತ, ‘ಮೇಷ್ಟ್ರೇ, ಸರೋಜಮ್ಮ ಇವತ್ತು ನಿಮ್ಮನ್ನ ನೋಡಬೇಕಿತ್ತು’ ಎಂದ. ಅವನು ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಅದು ನಾಟಿತು.

ಎರಡನೆಯ ದಿನ ಸಂಜೆ, ಬೇಕರಿಯ ಪಕ್ಕ

ಮೈದಾನದಿಂದ ಮನೆಗೆ ನಡೆದು ಬರುವ ದಾರಿಯಲ್ಲಿ ಒಂದು ಬೇಕರಿ, ಒಂದು ಕ್ಷೌರದಂಗಡಿ, ಅವೆರಡರ ನಡುವೆ ಬೆಟ್ಟಿಂಗ್ ಅಂಗಡಿ. ಗಾಜಿನ ಬಾಗಿಲು, ಒಳಗೆ ಟಿ.ವಿ.ಗಳು. ಕೋಟು ತೊಟ್ಟ ಮುದುಕರು ಚೀಟಿಯ ಮೇಲೆ ಪುಟ್ಟ ಪೆನ್ಸಿಲ್‌ಗಳಲ್ಲಿ ಏನೋ ಬರೆಯುತ್ತಿದ್ದರು. ಬ್ಯಾಂಕಿನಲ್ಲಿ ಚಲನ್ ತುಂಬುವವರ ಶಾಂತಿ ಅವರ ಮುಖದಲ್ಲಿತ್ತು.

ಗಂಗಣ್ಣ ಗಾಜಿನ ಮುಂದೆ ನಿಂತುಬಿಟ್ಟ.

‘ನೋಡಿ ಮೇಷ್ಟ್ರೇ. ನಮ್ಮೂರಾಗೆ ಇದನ್ನ ನಾನು ಬಾತ್‌ರೂಮ್ ಚಿಲಕ ಹಾಕ್ಕೊಂಡು ಪಿಸುಪಿಸು ಅಂತ ಮಾಡ್ತಿದ್ದೆ. ಇಲ್ಲಿ ಬನ್ನು ತಗೊಂಡ ಹಂಗೆ ತಗೋತಾರೆ.’

‘ಬಾರಯ್ಯ’ ಎಂದು ತೋಳು ಹಿಡಿದು ಎಳೆದೆ. ಅವನು ಬಂದ. ದಾರಿಯಲ್ಲಿ ತಾನಾಗಿಯೇ ಮಾತು ತೆಗೆದ.

‘ಜನ ತಿಳ್ಕೊಂಡಿರೋದು ಬೆಟ್ಟಿಂಗು ಅಂದ್ರೆ ಆಟ ಗೊತ್ತಿರಬೇಕು ಅಂತ. ಆಟ ಎಲ್ಲಾರಿಗೂ ಗೊತ್ತು. ನಾನು ಸೋತಿದ್ದೆಲ್ಲ ಮಳೇಲಿ. ಗೆಲ್ಲೋ ಮ್ಯಾಚು ಹತ್ತು ನಿಮಿಷ ಮಳೆ ಬಂದು ಓವರ್ ಕಟ್ ಆಗಿ ಉಲ್ಟಾ ಹೊಡೀತಿತ್ತು. ಟೆಸ್ಟಲ್ಲಿ ಅಂತೂ ಮಳೆ ಬಂದ್ರೆ ಡ್ರಾ. ಮೋಡ ಎಲ್ಲಾರಿಗೂ ಕಂಡ ಮೇಲೆ ಡ್ರಾ ಮೇಲೆ ಹಾಕಿದ್ರೆ ಏನೂ ಸಿಗಲ್ಲ. ಬಿಸಿಲಿದ್ದಾಗ್ಲೇ ಹಾಕಬೇಕು. ಆದ್ರೆ ಬಿಸಿಲಲ್ಲಿ ಮಳೆ ಕಾಣೋ ಕಣ್ಣು ಯಾರಿಗೈತೆ?’

ಅವನು ನನ್ನ ಮುಖ ನೋಡಲಿಲ್ಲ. ನಿಜವಾಗಿಯೂ ಹಳೆಯ ದುಃಖ ಹೇಳಿಕೊಳ್ಳುತ್ತಿದ್ದ. ಆದರೆ ಆ ಕೊನೆಯ ಪ್ರಶ್ನೆ ನನ್ನ ಕಿವಿಯಲ್ಲಿ ಉಳಿಯಿತು. ಅಂಥ ಕಣ್ಣು ಇಡೀ ಪಶ್ಚಿಮ ಬೆಂಗಳೂರಿನಲ್ಲಿ ಒಬ್ಬನಿಗಿದೆ, ಅವನು ಎರಡು ದಿನದಿಂದ ಅವಮಾನದಲ್ಲಿದ್ದಾನೆ ಎಂದುಕೊಂಡೆ.

ಡೊರೊತಿಯ ಹಿತ್ತಲು

ಡೊರೊತಿಯ ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ಒಂದು ಹಗ್ಗವಿತ್ತು. ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಚೆನ್ನಾಗಿ ಬಿಸಿಲಿದೆ, ಆಕೆ ಹಾಕಿದ ಬಟ್ಟೆಗಳನ್ನು ಮತ್ತೆ ಬುಟ್ಟಿಗೆ ತುಂಬುತ್ತಿದ್ದಾರೆ. ಯಾಕೆಂದು ಕೇಳಿದೆ. ಆಕೆ ಬೆರಳೆತ್ತಿ ಕಿವಿಗೊಡಲು ಹೇಳಿದರು. ದೂರದಲ್ಲಿ ರೈಲು ಹೋಗುವ ಸದ್ದು. ಹಳಿ ಊರಿನ ಆಚೆ ಬದಿಗಿದೆ. ಸಾಮಾನ್ಯವಾಗಿ ಅದರ ಸದ್ದು ಈ ಮನೆಗೆ ಬರುವುದಿಲ್ಲ. ಗಾಳಿ ತಿರುಗಿದ ದಿನ ಮಾತ್ರ ಪಕ್ಕದ ಬೀದಿಯಲ್ಲೇ ಓಡಿದಷ್ಟು ಸ್ಪಷ್ಟವಾಗಿ ಕೇಳುತ್ತದೆ. ಬೆಳಿಗ್ಗೆ ಹಾಗೆ ಕೇಳಿದರೆ ಅದೇ ಮಧ್ಯಾಹ್ನ, ಸಂಜೆ ಕೇಳಿದರೆ ಮಾರನೆಯ ಮಧ್ಯಾಹ್ನ ಮಳೆ. ನಲವತ್ತು ವರ್ಷ ಬಟ್ಟೆ ಒಣಗಿಸಿ ಕಲಿತದ್ದು ಎಂದರು.

ನನಗೆ ಆಕೆಯ ಕಾಲಿಗೆ ಬೀಳಬೇಕೆನಿಸಿತು. ಇಲ್ಲಿಯೂ ಒಬ್ಬ ಸರೋಜಮ್ಮ! ಆಕಾಶವನ್ನು ನಾನು ಕಣ್ಣಿನಿಂದ ಓದುತ್ತಿದ್ದೆ, ಈ ಊರಿನಲ್ಲಿ ಕಿವಿಯಿಂದ ಓದಬೇಕು. ಆಕೆಯ ಜೊತೆ ಹಿತ್ತಲಿನಲ್ಲಿ ಅರ್ಧ ಗಂಟೆ ನಿಂತು ಎಲ್ಲ ಕೇಳಿಕೊಂಡೆ. ಇಡೀ ಪ್ರವಾಸದಲ್ಲಿ ನನಗೆ ಶುದ್ಧವಾದ ಸಂತೋಷ ಸಿಕ್ಕಿದ್ದು ಆ ಅರ್ಧ ಗಂಟೆ ಮಾತ್ರ.

ಅದೇ ದಿನ ಮೈದಾನದಲ್ಲಿ ನಮ್ಮ ಪಕ್ಕ ಒಬ್ಬರು ಇಂಗ್ಲಿಷ್ ಮುದುಕರು ಕೂತಿದ್ದರು. ಬಿಸಿಲಿನಲ್ಲಿ ಕೊಡೆ ಹಿಡಿದ ನನ್ನನ್ನು ನೋಡಿ ನಕ್ಕರು. ಮೂರು ಗಂಟೆಯೊಳಗೆ ಮಳೆ ಬರುತ್ತದೆ ಎಂದೆ. ಸಾಧ್ಯವೇ ಇಲ್ಲ ಎಂದರು. ಗಂಗಣ್ಣ ಬಾಗಿ ನನ್ನ ಕಿವಿಯಲ್ಲಿ ಹೇಳಿದ:

‘ಕೇಳಿ ಮೇಷ್ಟ್ರೇ, ಒಂದು ಟೀ ಬೆಟ್ಟು ಅಂತ. ಟೀ ತಾನೆ.’

ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಮುದುಕರಿಗೆ ದಾಟಿಸಿದವನು ನಾನು. ಬೇಡವೆನ್ನಲು ಒಂದೇ ಪದ ಸಾಕಿತ್ತು. ಜಯಮ್ಮ ಬಾಗಿಲಲ್ಲಿ ನಿಂತದ್ದು ನೆನಪಾಗಲಿಲ್ಲವೇ ಎಂದರೆ, ಆಯಿತು. ಟೀ ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡೂವರೆಗೆ ಮಳೆ ಬಂತು. ಮುದುಕರು ಟೋಪಿ ತೆಗೆದು ನನಗೆ ವಂದಿಸಿ, ಮೂರು ಕಪ್ ಟೀ ತಂದುಕೊಟ್ಟರು. ಗಂಗಣ್ಣ ಆರು ವರ್ಷದ ಮೇಲೆ ಗೆದ್ದ ಮೊದಲನೆಯ ಬೆಟ್ಟು ಅದು. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಕುಡಿದ.

ನಾಲ್ಕನೆಯ ದಿನ ಸಂಜೆ

ನಾಲ್ಕನೆಯ ದಿನ ಮುಗಿದಾಗ ಭಾರತ ಗೆಲ್ಲುವುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಕೊನೆಯ ದಿನಕ್ಕೆ ಉಳಿದದ್ದು ಇಂಗ್ಲೆಂಡಿನ ಐದು ವಿಕೆಟ್. ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಡೊರೊತಿಯ ಹಿತ್ತಲಿನ ಬೆಂಚಿನ ಮೇಲೆ ಇಬ್ಬರೂ ಕೂತು, ಊರಿನಿಂದ ತಂದ ಚಕ್ಕುಲಿ ತಿನ್ನುತ್ತಿದ್ದೆವು. ಆಗ ರೈಲಿನ ಸದ್ದು ಕೇಳಿಸಿತು. ಪಕ್ಕದ ಬೀದಿಯಲ್ಲೇ ಓಡಿದ ಹಾಗೆ.

ನಾನು ಚಕ್ಕುಲಿ ಕಡಿಯುವುದನ್ನು ನಿಲ್ಲಿಸಿದೆ. ಗಂಗಣ್ಣ ಅದನ್ನು ನೋಡಿದ.

‘ಏನ್ ಮೇಷ್ಟ್ರೇ, ನಾಳೆ ಮಳೆ ಬತ್ತದಾ?’

ಅವನ ಧ್ವನಿಯಲ್ಲಿ ಏನೋ ಇತ್ತು. ಅದನ್ನು ಗುರುತಿಸಲಿಲ್ಲ ಎಂದು ಇಲ್ಲಿ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಗುರುತಿಸಿದೆ.

‘ಯಾಕೆ ಕೇಳ್ತೀಯ?’

‘ಸುಮ್ನೆ. ಫೋನಲ್ಲಿ ಬಿಸಿಲು ಅಂತ ತೋರಿಸ್ತಾ ಐತಂತೆ, ಪಕ್ಕದ ರೂಮಿನೋರು ಹೇಳಿದ್ರು. ಎಲ್ಲಾರೂ ಹಂಗೇ ಅಂತಾರೆ.’

ಈ ‘ಎಲ್ಲಾರೂ’ ಎನ್ನುವುದು ನನ್ನನ್ನು ಕೆಡಿಸಿತು. ಫೋನಿಗೆ, ಟಿ.ವಿ.ಯವರಿಗೆ, ಇಡೀ ಊರಿಗೆ ಗೊತ್ತಿಲ್ಲದ್ದು ನನಗೊಬ್ಬನಿಗೆ ಗೊತ್ತಿತ್ತು. ‘ಗೊತ್ತಿಲ್ಲ’ ಎಂದಿದ್ದರೆ ಅವನು ಹಾಕುತ್ತಿರಲಿಲ್ಲ. ಬರೀ ಊಹೆಯ ಮೇಲೆ ಹಾಕುವಷ್ಟು ಧೈರ್ಯ ಅವನಲ್ಲಿ ಉಳಿದಿರಲಿಲ್ಲ. ಆದರೆ ಜೀವಮಾನದಲ್ಲಿ ಯಾರಾದರೂ ಮಳೆ ಕೇಳಿದಾಗ ನಾನು ಹಾಗೆಂದವನಲ್ಲ.

‘ಮಧ್ಯಾಹ್ನದ ಹೊತ್ತಿಗೆ ಬರುತ್ತೆ. ಬಂದರೆ ಬಿಡಲ್ಲ. ಬರೆದಿಟ್ಕೋ’ ಎಂದೆ.

ಗಂಗಣ್ಣ ತಲೆಯಾಡಿಸಿ, ‘ಚಕ್ಕುಲಿ ಸ್ವಲ್ಪ ಮೆತ್ತಗಾಗೈತೆ ಅಲ್ವಾ’ ಎಂದ.

ಐದನೆಯ ದಿನ

ಬೆಳಿಗ್ಗೆ ಮೈದಾನದಲ್ಲಿ ನನ್ನನ್ನು ಕೂರಿಸಿ, ಟೀ ತರುತ್ತೇನೆಂದು ಹೋದವನು ಮುಕ್ಕಾಲು ಗಂಟೆಯ ಮೇಲೆ ಬಂದ. ಕೈಯಲ್ಲಿ ಟೀ ಇರಲಿಲ್ಲ. ಶರ್ಟಿನ ಜೇಬಿನಲ್ಲಿ ಒಂದು ಪುಟ್ಟ ಪೆನ್ಸಿಲ್ ಇತ್ತು. ನಾನು ಪೆನ್ಸಿಲ್ ನೋಡಿದೆ. ನಾನು ನೋಡಿದ್ದನ್ನು ಅವನು ನೋಡಿದ. ಇಬ್ಬರೂ ಪಿಚ್ಚಿನ ಕಡೆ ತಿರುಗಿದೆವು.

ಸುತ್ತ ನಮ್ಮವರೇ. ಡೋಲು, ಬಾವುಟ, ಮುಖಕ್ಕೆಲ್ಲ ಬಣ್ಣ. ‘ಇವತ್ತು ಊಟದೊಳಗೆ ಮುಗಿಸ್ತಾರೆ ಗುರು’ ಎಂದು ಹಿಂದಿನ ಸಾಲಿನಲ್ಲಿ ಯಾರೋ ಕನ್ನಡದಲ್ಲೇ ಕೂಗಿದರು. ಕೇಳಿ ಕಣ್ಣು ತುಂಬಬೇಕಿತ್ತು. ನಾನು ಪಶ್ಚಿಮದ ಕಡೆ ನೋಡುತ್ತ ಕೂತಿದ್ದೆ. ಎರಡು ವಿಕೆಟ್ ಬಿತ್ತು. ಸುತ್ತಲಿನವರೆಲ್ಲ ಎದ್ದು ಕುಣಿದರು. ನಾನು ಏಳಲಿಲ್ಲ. ಇನ್ನೂ ಬರಲಿಲ್ಲವಲ್ಲ, ಇನ್ನೂ ಬರಲಿಲ್ಲವಲ್ಲ ಎಂದು ಮೋಡ ಹುಡುಕುತ್ತಿದ್ದೆ. ಭಾರತ ಬೇಗ ಗೆದ್ದುಬಿಟ್ಟರೆ ಏನು ಗತಿ ಎಂದು ಹೆದರಿದೆ. ಇಂಥ ಹೆದರಿಕೆ ಇಟ್ಟುಕೊಂಡು ಕ್ರಿಕೆಟ್ ನೋಡಲು ಅಷ್ಟು ದೂರ ಹೋಗಬೇಕಾಗಿತ್ತೇ?

ಮೂರನೆಯ ವಿಕೆಟ್ ಬಿದ್ದು ಸ್ವಲ್ಪ ಹೊತ್ತಿಗೆ ಗಾಳಿ ತಣ್ಣಗಾಯಿತು. ಊಟದ ವಿರಾಮದಲ್ಲಿ ಮಳೆ ಶುರುವಾಯಿತು. ಮೊದಲು ಪುಡಿಪುಡಿ, ಆಮೇಲೆ ಮುಸಲಧಾರೆ. ಹುಡುಗರು ಬಾವುಟ ಹೊದ್ದುಕೊಂಡು ‘ನಿಲ್ಲುತ್ತೆ, ನಿಲ್ಲುತ್ತೆ’ ಎಂದು ಕಾದರು. ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು. ಐದು ಗಂಟೆಗೆ ಪಂದ್ಯ ಡ್ರಾ ಎಂದು ಘೋಷಿಸಿದಾಗ ಸಾವಿರಾರು ಜನ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಆ ಇಡೀ ಸ್ಟ್ಯಾಂಡಿನಲ್ಲಿ ಮುಖ ಅರಳಿದ್ದ ಭಾರತೀಯರು ಇಬ್ಬರೇ.

ಗಂಗಣ್ಣ ನನ್ನನ್ನು ಬಾಚಿ ತಬ್ಬಿಕೊಂಡ. ‘ದೇವರು ಕಣ್ರೀ ನೀವು, ದೇವರು’ ಎಂದ. ನಾನು ನಗುತ್ತ ಅವನ ಮುಖ ನೋಡಿದೆ. ಆಗ ನನ್ನ ನಗು ಇಳಿಯಿತು. ಕಣ್ಣು ಹೊಳೆಯುತ್ತಿದ್ದವು, ಆದರೆ ಅವು ನನ್ನನ್ನು ನೋಡುತ್ತಿರಲಿಲ್ಲ. ಆರು ವರ್ಷದ ಹಿಂದೆ, ಸೈಟು ಹೋಗುವ ಮುಂಚಿನ ತಿಂಗಳುಗಳಲ್ಲಿ, ಪಾರ್ಕಿನ ಬೆಂಚಿನ ಮೇಲೆ ಇದೇ ಮುಖವನ್ನು ನೋಡಿದ್ದೆ. ಸೋತಿದ್ದರೆ ಅವನು ಅಳುತ್ತಿದ್ದ, ನಾನು ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅವನನ್ನು ನಾನು ಗೆಲ್ಲಿಸಿಬಿಟ್ಟಿದ್ದೆ.

ಮನೆಗೆ ಬಂದಾಗ ಡೊರೊತಿ ಬಟ್ಟೆ ಮಡಚುತ್ತಿದ್ದರು. ರೈಲು ಕೇಳಿಸಿತ್ತಲ್ಲವೇ ಎಂದು ನನ್ನನ್ನು ನೋಡಿ ಮೆಚ್ಚುಗೆಯಿಂದ ನಕ್ಕರು. ಆಕೆ ಆ ಗುಟ್ಟನ್ನು ನಲವತ್ತು ವರ್ಷ ಬಟ್ಟೆ ಒಣಗಿಸಲು ಬಳಸಿದ್ದರು. ನಾನು ಮೂರು ದಿನ ಇಟ್ಟುಕೊಳ್ಳಲಾರದೆ ಹೋದೆ.

ಮತ್ತೆ ಬಸವೇಶ್ವರನಗರ

ಬಂದ ವಾರದಲ್ಲೇ ಜಯಮ್ಮ ಒಂದು ಸ್ಟೀಲ್ ಡಬ್ಬಿ ತುಂಬ ಅವಲಕ್ಕಿ ಸಂಡಿಗೆ ಹಿಡಿದು ಬಂದರು. ಈ ಸಲ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು ಕೂತರು.

‘ಒಂದೇ ಮಾತು ಕೇಳ್ತೀನಿ ಮೇಷ್ಟ್ರೇ. ಅಲ್ಲಿ ಇವ್ರು ಆಡಿದ್ರಾ?’

‘ಇಲ್ಲಮ್ಮ’ ಎಂದೆ.

ಆಕೆ ಕಣ್ಣು ಮುಚ್ಚಿ ಉಸಿರು ಬಿಟ್ಟರು. ‘ಅಲ್ಲಿಂದ ಒಂದು ಪುಟ್ಟ ಪೆನ್ಸಿಲ್ ತಂದವ್ರೆ, ಹಾಲಿನ ಲೆಕ್ಕ ಬರಿಯಕ್ಕೆ ಕ್ಯಾಲೆಂಡರಿಗೆ ಕಟ್ಟಿದೀನಿ. ಚೆನ್ನಾಗಿ ಬರಿಯುತ್ತೆ’ ಎಂದು ನಕ್ಕರು. ಡಬ್ಬಿ ತೆಗೆದುಕೊಂಡೆ. ನಾಲ್ಕು ದಿನ ಅದರ ಮುಚ್ಚಳ ತೆಗೆಯಲಾಗಲಿಲ್ಲ. ಐದನೆಯ ದಿನ ನನ್ನ ಹೆಂಡತಿ ಕರಿದಳು, ತಿಂದೆ.

ಮಾರ್ಚ್ ಬಂತು. ಸಂಜೆ ಮ್ಯಾಚುಗಳು ಶುರುವಾದವು. ಒಂದು ಬೆಳಿಗ್ಗೆ ಗಂಗಣ್ಣನ ಫೋನು. ‘ಮೇಷ್ಟ್ರೇ, ಸಂಜೆ ಮಳೆ ಐತಾ?’ ನಾನು ‘ಗೊತ್ತಿಲ್ಲ’ ಎಂದೆ. ಮಾರನೆಯ ದಿನವೂ ಕೇಳಿದ, ಮಾರನೆಯ ದಿನವೂ ಹಾಗೇ ಅಂದೆ. ಮೂರನೆಯ ದಿನ ಅವನ ಹೊಸ ನಂಬರಿನಿಂದ ಒಂದು ಫೋಟೊ ಬಂತು, ಹೆಗ್ಗನಹಳ್ಳಿಯ ಮೇಲಿನ ಮೋಡದ್ದು. ಬಟನ್ ಫೋನಿನಲ್ಲಿ ಫೋಟೊ ಕಳಿಸಲಾಗುವುದಿಲ್ಲ. ತರಕಾರಿ ಅಂಗಡಿಯಲ್ಲಿ ಜಯಮ್ಮ ಸಿಕ್ಕಾಗ ಕೇಳಿದೆ.

‘ನಾನೇ ಕೊಡಿಸಿದ್ದು ಮೇಷ್ಟ್ರೇ’ ಎಂದರು ಹೆಮ್ಮೆಯಿಂದ. ‘ಅಂಥಾ ದೇಶಕ್ಕೆ ಹೋಗಿಬಂದ್ರೂ ಮುಟ್ಟಲಿಲ್ಲ ಅಂತ ನೀವೇ ಅಂದ್ರಲ್ಲ. ಇನ್ನೂ ಎಷ್ಟು ದಿನ ಅನುಮಾನ ಪಡಲಿ?’

ಅಲ್ಲೇ ಹೇಳಿಬಿಡಬೇಕಿತ್ತು. ಬದನೆಕಾಯಿ ಆರಿಸುತ್ತ ನಿಂತೆ.

ಒಂದು ವಾರದಿಂದ ಫೋನು ಬರುವುದು ನಿಂತಿತ್ತು. ಬುದ್ಧಿ ಬಂತೇನೋ ಎಂದು ಆಸೆಪಟ್ಟೆ. ನಿನ್ನೆ ಬೆಳಿಗ್ಗೆ ಸರೋಜಮ್ಮ ಎಂದಿನಂತೆ ಕೇಳಿದರು. ಆಕಾಶ ತಿಳಿಯಾಗಿತ್ತು, ‘ಹಾಕಿ ತಾಯಿ’ ಎಂದೆ. ಸ್ವಲ್ಪ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಗಂಗಣ್ಣನ ಸ್ಕೂಟರ್ ಕಾಣಿಸಿತು. ನನ್ನನ್ನು ನೋಡಲು ಬಂದಿದ್ದಾನೆಂದು ಚಪ್ಪಲಿ ಮೆಟ್ಟಿ ಇಳಿದೆ. ಅವನು ನಮ್ಮ ಮನೆಯ ಕಡೆ ನೋಡುತ್ತಿರಲಿಲ್ಲ. ಕತ್ತೆತ್ತಿ ತಾರಸಿಗಳನ್ನು ನೋಡುತ್ತಿದ್ದ. ಒಂದು, ಎರಡು, ಮೂರು ಮನೆಯ ಮೇಲೆ ಬಿಳಿಯ ಪಂಚೆ, ಕಪ್ಪು ಕೊಡೆ. ಆಮೇಲೆ ಸ್ಕೂಟರ್ ತಿರುಗಿಸಿ, ಫೋನನ್ನು ಕಿವಿಗಿಟ್ಟುಕೊಂಡು ಹೊರಟುಹೋದ.

ಇವತ್ತು ಬೆಳಿಗ್ಗೆ ಎಂಟಕ್ಕೆ ಅವನು ಅದೇ ತಿರುವಿನಲ್ಲಿದ್ದ. ಆಕಾಶ ನಿನ್ನೆಯಷ್ಟೇ ತಿಳಿಯಾಗಿತ್ತು. ಎದುರಿನಿಂದ ಸರೋಜಮ್ಮ ಕೂಗಿದರು.

‘ಮೇಷ್ಟ್ರೇ, ಸಂಡಿಗೆ ಹಾಕ್ಲಾ?’

‘ಗೊತ್ತಾಗ್ತಾ ಇಲ್ಲಮ್ಮ’ ಎಂದೆ.

ಸರೋಜಮ್ಮ ಆಕಾಶ ನೋಡಿದರು, ನನ್ನನ್ನು ನೋಡಿದರು. ‘ಹಿಟ್ಟು ಕಾಸಿಟ್ಟಿದೀನಿ. ನೀವೇ ಹಿಂಗಂದ್ರೆ ಹೆಂಗೆ? ಮಳೆ ಬರೋದೇ ಇರಬೇಕು ಬಿಡಿ’ ಎಂದು ಹಾಸಿದ್ದ ಪಂಚೆಯನ್ನು ಮಡಚಿಕೊಂಡು ಕೆಳಗಿಳಿದರು. ಅವರನ್ನು ನೋಡಿ ಪಕ್ಕದ ತಾರಸಿಯವರೂ ಮಡಚಿದರು. ತಿರುವಿನಲ್ಲಿ ಸ್ಕೂಟರ್ ಸ್ಟಾರ್ಟ್ ಆದ ಸದ್ದು ಕೇಳಿಸಿತು.

‘ನಿಲ್ಲೋ ಗಂಗಣ್ಣ, ಇವತ್ತು ಮಳೆ ಬರಲ್ಲ’ ಎಂದು ಕೂಗಿಕೊಂಡು ಬರಿಗಾಲಲ್ಲೇ ತಿರುವಿನವರೆಗೆ ಓಡಿದೆ. ಅವನು ಆಗಲೇ ಹೋಗಿಯಾಗಿತ್ತು.